ಮೂಗು ಹೋದ ಮಳೆಗಾಲ

ಹೋದ ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ನಿಂಬೆ ಘಮದ ಮಜ್ಜಿಗೆ ಹುಲ್ಲಿನ ಎಲೆಯನ್ನು ಎರಡು ಬೆರಳಲ್ಲಿ ಹೊಸಕಿ ನನ್ನ ಮೂಗಿನ ಹತ್ತಿರಕ್ಕೇ ಹಿಡಿದಳು. “ಮೂಸಿ ನೋಡಕ್ಕ, ಈಗ ಕಿತ್ತದ್ದು. ಟೀಗೆ ಹಾಕಿದ್ರೆ ಮನೆಯೆಲ್ಲ ಘಮ್ ಅನ್ನುತ್ತೆ” ಎಂದಳು. ನಾನು ಮೂಸಿದೆ. “ಆಹಾ!” ಎಂದೆ. ಸುಳ್ಳು ಹೇಳಿದ್ದಕ್ಕೆ ದಂಡ ಕಟ್ಟಿದ ಹಾಗೆ ಒಂದು ಕಟ್ಟು ಕೊಂಡೂ ಕೊಂಡೆ. ನನ್ನ ಮೂಗಿಗೆ ಆ ಮಜ್ಜಿಗೆ ಹುಲ್ಲೂ ಒಂದೇ, ದನ ಮೇಯುವ ಹುಲ್ಲೂ ಒಂದೇ.

ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಭಾಗಮಂಡಲದ ಬಸ್ಸಿನಲ್ಲಿ ಕೂತೆ. ಮೂರು ವರ್ಷದ ಹಿಂದೆ ಇದೇ ಹುಲ್ಲಿನ ದೊಡ್ಡ ಹೊದರಿನ ಮುಂದೆ, ಪರದೇಶದ ಒಂದು ತೋಟದಲ್ಲಿ, ಹುಚ್ಚಿಯ ಹಾಗೆ ಎಲೆ ಹರಿದು ಹರಿದು ಮೂಸಿದ್ದೆ. ವಾಸನೆ ಬರುತ್ತದೆ, ಇನ್ನೊಂದು ಉಸಿರಿಗೆ ಬರುತ್ತದೆ ಎಂದು.

ಮೊದಲು ನನ್ನ ಮೂಗಿನ ಕಥೆ ಹೇಳಬೇಕು. ನಾನು ಹಾರಂಗಿ ಕಡೆಯವಳು. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯ ಹೂಡಿದ ಮನೆತನ. ಮದುವೆಯಾಗಿ ಬಂದದ್ದು ಭಾಗಮಂಡಲದ ಹತ್ತಿರದ ಅರೆಭಾಷೆ ಗೌಡರ ಮನೆಗೆ. ಅವರ ಮಾತು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಅಡುಗೆ ಅವರಿಗೆ ಅರ್ಧವೂ ಸೇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಂದಿ ಮಾಂಸ ಮುಟ್ಟುತ್ತಿರಲಿಲ್ಲ. ಇಲ್ಲಿ ಹಂದಿ ಸಾರಿಲ್ಲದ ಸಮಾರಂಭವೇ ಇಲ್ಲ. ಮೊದಲ ಎರಡು ವರ್ಷ ಮನೆಗೆ ಬಂದ ನೆಂಟರು “ಸಾರು ಮಾಡಿದ್ದು ಯಾರು?” ಎಂದು ಕೇಳಿಯೇ ಕೈ ತೊಳೆಯುತ್ತಿದ್ದರು. ಅತ್ತೆ ಮಾಡಿದ್ದು ಎಂದರೆ ಮಾತ್ರ ಎಲೆಯ ಮುಂದೆ ಕೂರುವುದು. ಎಷ್ಟು ಉರಿಯುತ್ತಿತ್ತು ಅಂತೀರಿ!

ಒಂದು ದಿನ ಸಾರು ಕುದಿಯುತ್ತಿದ್ದಾಗ ಸೌಟನ್ನು ಅಂಗೈಗೆ ಬಗ್ಗಿಸಿ ನೆಕ್ಕಿ ಉಪ್ಪು ನೋಡಿದೆ. ತವರಲ್ಲಿ ಎಲ್ಲರೂ ಮಾಡುವುದೇ ಅದು. ಅತ್ತೆ ಅದೆಲ್ಲಿದ್ದರೋ, ಬಂದವರೇ ನನ್ನ ಕೈಗೆ ಪಟ್ಟೆಂದು ಹೊಡೆದರು. ಪಾತ್ರೆಯನ್ನು ಎತ್ತಿ ಇಡೀ ಸಾರನ್ನು ನಾಯಿಗೆ ಸುರಿದರು.

“ನಿಂಗೆ ಮೂಗು ಇಲ್ಲೆನಾ? ಮೂಗು ಇರ್ದು ಎಂತಕೆ?”

ಆ ಮನೆಯ ಪದ್ಧತಿ ನನಗೆ ಗೊತ್ತಾದದ್ದು ಅವತ್ತು. ತೀರಿಹೋದ ಹಿರಿಯರಿಗೆ, ಅಂದರೆ ಇವರು ಗುರುಕಾರಣರು ಅನ್ನುವವರಿಗೆ, ವರ್ಷಕ್ಕೊಂದು ದಿನ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ. ದೀಪ ಹಚ್ಚಿ, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಸದ್ದಿಲ್ಲದೆ ನಿಲ್ಲುವುದು. ಹಿರಿಯರು ಉಂಡರು ಎನ್ನುವಷ್ಟು ಹೊತ್ತಾದ ಮೇಲೆ ಬಾಗಿಲು ತೆರೆದು, ಆ ಎಲೆಗಳದ್ದನ್ನೇ ಎಲ್ಲರೂ ಹಂಚಿಕೊಂಡು ತಿನ್ನುವುದು. ಅವರಿಗಿಂತ ಮೊದಲು ಆ ಸಾರು ಯಾರ ನಾಲಿಗೆಗೂ ತಾಗಬಾರದು. ತಾಗಿದರೆ ಎಂಜಲು. ಎಂಜಲು ಬಡಿಸಿದರೆ ಹಿರಿಯರು ಎಲೆಯ ಮುಂದೆ ಕೂರದೆ ಎದ್ದುಹೋಗುತ್ತಾರೆ ಎಂಬ ನಂಬಿಕೆ. ಬಡಿಸುವ ದಿನ ಕೈ ತಪ್ಪಬಾರದು ಎಂದು ಸಾರು ಮಾಡುವ ಹೆಂಗಸು ವರ್ಷದ ಎಲ್ಲ ದಿನವೂ ರುಚಿ ನೋಡದೆಯೇ ಅಡುಗೆ ಮಾಡಬೇಕು ಎಂದು ಅತ್ತೆ ಕಟ್ಟಳೆ ಮಾಡಿಬಿಟ್ಟಿದ್ದರು.

ಹಾಗೆ ನಾನು ಮೂಗಿನಲ್ಲಿ ಅಡುಗೆ ಕಲಿತೆ. ಉಪ್ಪು ಹಿಡಿದ ಮಾಂಸದ ಹಬೆಯೇ ಬೇರೆ, ಹಿಡಿಯದ್ದರ ಹಬೆಯೇ ಬೇರೆ. ನಂಬದವರು ನಂಬಬೇಡಿ. ಒಂದೊಂದು ದಿನ ಅತ್ತೆ ನನ್ನನ್ನು ಒಲೆಯ ಮುಂದೆ ಕಣ್ಣು ಮುಚ್ಚಿಸಿ ಕೂರಿಸಿ “ಈಗ ಎಂಥ ಬೇಕು?” ಎಂದು ಕೇಳುವರು. ಮೂರನೇ ವರ್ಷ ಒಬ್ಬ ನೆಂಟರು ಸಾರು ಎರಡು ಸಲ ಹಾಕಿಸಿಕೊಂಡು ತಿಂದು, ಅತ್ತೆಯನ್ನು ಹೊಗಳಿದರು. ಅತ್ತೆ “ನಾನಲ್ಲ, ಸರೋಜ” ಎಂದರು. ಅವತ್ತಿನಿಂದ ನಾನು ಆ ಮನೆಯವಳಾದೆ. ಅದಕ್ಕಿಂತ ಮೊದಲು ಬರೀ ಸೊಸೆಯಾಗಿದ್ದೆ.

ನನ್ನ ಗಂಡ ಹೋದದ್ದು ಕಾಫಿ ಕುಯ್ಲಿನ ಹೊತ್ತಿಗೆ. ಬೆಳಿಗ್ಗೆ ರೊಟ್ಟಿ ತಿಂದು ತೋಟಕ್ಕೆ ಹೋದವರು, ಹತ್ತು ಗಂಟೆಗೆ ಗಿಡದ ಬುಡದಲ್ಲಿ ಕೂತರಂತೆ. ಕುಯ್ಲಿನವರು ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡರಂತೆ. ಏಳಲೇ ಇಲ್ಲ. ಅದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಆಮೇಲೆ ಆಟಿ, ಅಂದರೆ ಆಷಾಢದ, ಮಳೆ ಹಿಡಿಯಿತು. ಆ ವರ್ಷ ಭಾಗಮಂಡಲದ ಸಂಗಮದಲ್ಲಿ ಹೊಳೆ ಉಕ್ಕಿ ರಸ್ತೆಗೆ ಬಂದು, ವಾರಗಟ್ಟಲೆ ಬಸ್ಸಿರಲಿಲ್ಲ. ನನಗೆ ಜ್ವರ ಬಂತು. ಐದು ದಿನ ಕಂಬಳಿಯೊಳಗೆ ಬಿದ್ದಿದ್ದೆ. ಆರನೇ ದಿನ ಎದ್ದು ಹಾಲು ಕಾಯಿಸಲು ಇಟ್ಟು, ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅತ್ತೆ ಹಿಂದಿನಿಂದ ಓಡಿ ಬಂದು, “ಎಂಥ ಆತ್ ನಿಂಗೆ? ಹಾಲು ಸೀದ್ ಕರಿ ಆತ್!” ಎಂದು ಪಾತ್ರೆ ಇಳಿಸಿದರು. ತಿರುಗಿ ನೋಡಿದರೆ ಅಡುಗೆಮನೆ ತುಂಬ ಹೊಗೆ. ನನಗೆ ಏನೂ ಗೊತ್ತಾಗಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಅಷ್ಟೇ.

“ಜ್ವರದ ಮಂಪರು ಅತ್ತೆ” ಎಂದೆ. ಅವರು ಹೋದ ಮೇಲೆ ಏಲಕ್ಕಿ ಡಬ್ಬಿ ತೆಗೆದು ಮೂಗಿಟ್ಟೆ. ಇಲ್ಲ. ಹುರಿದ ಕಾಫಿ ಪುಡಿ, ಇಲ್ಲ. ಕಾಚಂಪುಳಿ ಬಾಟಲಿಯ ಮುಚ್ಚಳ ತೆಗೆದೆ. ಆ ಕಪ್ಪು ಹುಳಿಯ ಘಾಟಿಗೆ ಮಕ್ಕಳು ಕೆಮ್ಮುತ್ತಾರೆ. ನನಗೆ ನೀರು ಮೂಸಿದ ಹಾಗಿತ್ತು. ಕೊನೆಗೆ ಕೋಣೆಗೆ ಹೋಗಿ ಬೀರುವಿನಿಂದ ಗಂಡನ ಜರ್ಕಿನ್ ತೆಗೆದೆ. ಅದನ್ನು ಏಳು ತಿಂಗಳಿಂದ ಒಗೆದಿರಲಿಲ್ಲ. ಬೀಡಿ, ಬೆವರು, ತೋಟದ ಮಣ್ಣು, ಎಲ್ಲ ಅದರಲ್ಲಿತ್ತು. ಅದಕ್ಕೆ ಮುಖ ಒತ್ತಿಕೊಂಡೆ. ಬರೀ ಬಟ್ಟೆ. ಅವರು ಎರಡನೇ ಸಲ ಸತ್ತರು ಅನ್ನಿಸಿ, ಕೂಗಿದರೆ ಅತ್ತೆಗೆ ಕೇಳುತ್ತದೆಂದು ಅದೇ ಜರ್ಕಿನ್ನನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದೆ.

ನೀರಿಳಿದು ರಸ್ತೆ ತೆರೆದ ಮೇಲೆ ಹಲ್ಲುನೋವೆಂದು ಸುಳ್ಳು ಹೇಳಿ ಮಡಿಕೇರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಒಳ್ಳೆಯವರು, ಸಮಾಧಾನದಿಂದಲೇ ಮಾತಾಡಿದರು. “ಜ್ವರದಲ್ಲಿ ಕೆಲವರಿಗೆ ಹೀಗಾಗುತ್ತಮ್ಮ. ಬಂದ್ರೂ ಬರಬಹುದು, ಬರದೇ ಇದ್ರೂ ಇರಬಹುದು. ದಿನಾ ಲವಂಗ, ನಿಂಬೆ, ಘಾಟಿನ ಪದಾರ್ಥ ಮೂಸ್ತಾ ಇರಿ, ಮೂಗಿಗೆ ಅಭ್ಯಾಸ ಆಗ್ಬೇಕು” ಎಂದರು. ನಾನು ಎಷ್ಟು ದಿನ ಎಂದು ಕೇಳಿದೆ. ಅದನ್ನು ಹೇಳಕ್ಕಾಗಲ್ಲ ಎಂದರು. ನನಗೆ ಬೇಕಾಗಿದ್ದದ್ದು ಅದೊಂದೇ ಉತ್ತರ. ತುಲಾ ಸಂಕ್ರಮಣ ಕಳೆದ ಮಾರನೇ ವಾರ ನಮ್ಮ ಮನೆಯಲ್ಲಿ ಹಿರಿಯರಿಗೆ ಬಡಿಸುವ ದಿನ. ಆ ವರ್ಷ ಅಲ್ಲಿ ಒಂದು ಎಲೆ ಹೆಚ್ಚು. ನನ್ನ ಗಂಡನದು. ಹಿರಿಯರ ಜೊತೆ ಸೇರಿಸಿದ ಮೇಲೆ ಅವರಿಗೆ ಇಡುವ ಮೊದಲ ಊಟ.

ಅದೂ ಸಾಲದೆಂದು ಇನ್ನೊಂದು ಸಂಕಟ. ಗಂಡ ಸತ್ತವಳು ಹಿರಿಯರ ಅಡುಗೆ ಮಾಡುವುದಾ ಎಂದು ಅತ್ತೆಯ ಓರಗಿತ್ತಿ, ನಾವು ದೊಡ್ಡತ್ತೆ ಅನ್ನುವವರು, ಮನೆಗೇ ಬಂದು ತಕರಾರು ಎತ್ತಿದರು. ನಾನು ಬಾಗಿಲ ಹಿಂದೆಯೇ ಇದ್ದೆ. ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಹೇಳಿದರು: “ಅವ್ಳೇ ಮಾಡ್ದು. ನನ್ನ ಮಗಂಗೆ ಅವ್ಳ ಕೈದೇ ಆಕು. ನಿಂಗೆ ಬೊತ್ತಾದ್ರೆ ನೀ ಬರ್ಬೊತ್ತು.” ಮಗನಿಗೆ ನನ್ನ ಕೈಯದ್ದೇ ಆಗಬೇಕು, ಬೇಡವಾದರೆ ನೀನೇ ಬರಬೇಡ ಎಂದು ಓರಗಿತ್ತಿಗೇ ಹೇಳಿದವರ ಎದುರು ನಿಂತು ನನಗೆ ಮೂಗಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಸಾರಿನ ಸೌಟು ಬೇರೆಯವರ ಕೈಗೆ ಹೋಗುತ್ತಿತ್ತು. ಇಪ್ಪತ್ತನಾಲ್ಕು ವರ್ಷ ನನ್ನ ಕೈಯಲ್ಲಿ ಉಂಡವರಿಗೆ ಮೊದಲ ಎಲೆಯಲ್ಲಿ ಇನ್ನಾರದೋ ಸಾರು. ಜೀವ ಹೋದರೂ ಬಿಡೆ ಅಂದುಕೊಂಡೆ.

ಆಗಲೇ ರೋಹಿಣಿ ಫೋನು ಮಾಡಿದ್ದು. ರೋಹಿಣಿ ನನ್ನ ನಾದಿನಿ, ಅವರ ತಂಗಿ. ಕುಶಾಲನಗರದಲ್ಲಿ ಟೀಚರ್. ದಸರಾ ರಜೆಗೆ ಅವಳೂ ಅವಳ ಜೊತೆಯ ಟೀಚರುಗಳೂ ಥಾಯ್ಲೆಂಡಿಗೆ ಟೂರು ಹೊರಟಿದ್ದರು. ಒಬ್ಬರು ಕಾಲು ಮುರಿದುಕೊಂಡು ಒಂದು ಸೀಟು ಉಳಿದಿತ್ತು.

“ಅತ್ತಿಗೆ, ಬನ್ನಿ. ಪಾಸ್‌ಪೋರ್ಟು ಅಣ್ಣ ಮಾಡಿಸಿಟ್ಟದ್ದು ಇದೆಯಲ್ಲ. ಮನೆಯಲ್ಲೇ ಕೂತು ಕೊರಗಿ ಕೊರಗಿ ಸೌದೆ ಆಗಿದ್ದೀರಿ.”

“ಗಂಡ ಸತ್ತು ವರ್ಷ ತುಂಬಿಲ್ಲ, ನಾನು ಫಾರಿನ್ ಟೂರಾ? ಊರಿನವರು ಉಗೀತಾರೆ ಕಣೇ.”

“ಉಗೀಲಿ. ಅಲ್ಲಿ ಒಂದು ದಿನ ಅಡುಗೆ ಕ್ಲಾಸೂ ಇದೆ. ನಿಮಗೆ ಅಡುಗೆ ಅಂದ್ರೆ ಪ್ರಾಣ. ಅವರ ಅಡುಗೆ ಏನು ಘಾಟು ಅಂತೀರಿ, ಬೀದಿ ತುಂಬ ವಾಸನೆಯಂತೆ!”

ಘಾಟು ಎಂದದ್ದೇ ತಡ, ನಾನು ಬರುತ್ತೇನೆ ಎಂದುಬಿಟ್ಟೆ. ಮುಳುಗುತ್ತಿರುವವಳು ನಾನು. ಇಲ್ಲಿನ ಯಾವ ಮದ್ದಿಗೂ ಬಗ್ಗದ ಮೂಗು ಅಲ್ಲಿನ ಘಾಟಿಗಾದರೂ ಬಗ್ಗೀತು ಎಂಬ ಆಸೆ. ಅತ್ತೆ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು “ಹೋಗಿ ಬಾ. ಬಡ್ಸುದಕ್ಕೆ ಬಂದ್ರೆ ಆತ್” ಎಂದರು.

ಆ ದೇಶದ ದೇವಸ್ಥಾನ, ಸಮುದ್ರ, ಅಂಗಡಿ ಯಾವುದೂ ನನಗೆ ನೆನಪಿಲ್ಲ. ಟೀಚರುಗಳು ಆನೆಯ ಮುಂದೆ, ಬುದ್ಧನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ನಾನು ಬೀದಿಬದಿಯ ಬಾಣಲೆಗಳ ಹತ್ತಿರ ಹೋಗಿ ಮೂಗೊಡ್ಡಿ ನಿಲ್ಲುತ್ತಿದ್ದೆ. ಹಸಿದಿದ್ದಾಳೆ ಅಂದುಕೊಂಡು ಒಬ್ಬಳು ಪುಣ್ಯಾತ್ಗಿತ್ತಿ ಕಡ್ಡಿಗೆ ಚುಚ್ಚಿದ ಕೋಳಿ ಕೈಗಿಟ್ಟಳು. ಮೂರು ದಿನ ಕಳೆದರೂ ಏನೂ ಬರಲಿಲ್ಲ.

ನಾಲ್ಕನೇ ದಿನ ಅಡುಗೆ ಕ್ಲಾಸು. ಚಿಯಾಂಗ್ ಮಾಯ್ ಊರಿನ ಹೊರಗೆ ಒಂದು ತೋಟ. ಮೇಲೆ ಶೀಟು ಹೊದಿಸಿದ ಉದ್ದನೆಯ ಚಪ್ಪರ, ಒಬ್ಬೊಬ್ಬರಿಗೆ ಒಂದೊಂದು ಗ್ಯಾಸ್ ಒಲೆ, ಬಾಣಲೆ, ಕಲ್ಲಿನ ಒರಳು. ಬಿಳಿ ಜನ ಐದಾರು ಮಂದಿ, ನಾವು ಏಳು ಹೆಂಗಸರು. ಹೇಳಿಕೊಡುವವಳ ಹೆಸರು ಲೆಕ್. ನನ್ನದೇ ವಯಸ್ಸು, ಗಟ್ಟಿ ಕೈ, ನೋಡಿದರೆ ನಮ್ಮ ಕಡೆ ಸಂತೆಯಲ್ಲಿ ಮೀನು ಮಾರುವವರ ಹಾಗೆ ದೊಡ್ಡ ಗಂಟಲು. ಅವಳ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಇತ್ತು. ಅದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ತಿಳಿಯದ್ದನ್ನು ರೋಹಿಣಿ ಹೇಳುವಳು.

ಲೆಕ್ ಮೊದಲು ತೋಟಕ್ಕೆ ಕರೆದುಕೊಂಡು ಹೋಗಿ ಒಂದೊಂದೇ ಎಲೆ ಕಿತ್ತು ಹರಿದು ಎಲ್ಲರ ಕೈಗೂ ಕೊಟ್ಟಳು. ಅವರ ತುಳಸಿ, ಅವರ ನಿಂಬೆ ಎಲೆ, ಶುಂಠಿಯಂಥದ್ದೇ ಒಂದು ಬೇರು. ಎಲ್ಲರೂ ಮೂಸುವರು, ಓಹೋ ಅನ್ನುವರು. ನಾನೂ ಓಹೋ ಎಂದೆ. ಮಜ್ಜಿಗೆ ಹುಲ್ಲಿನ ಹೊದರಿನ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಅವರೆಲ್ಲ ಮುಂದೆ ಹೋದರು, ನಾನು ಹಿಂದೆ ನಿಂತು ಹಿಡಿಹಿಡಿಯಾಗಿ ಹರಿದು ಮುಖಕ್ಕೆ ಉಜ್ಜಿಕೊಂಡೆ. ಎಲೆಯ ಅಂಚು ತಾಗಿ ಮೂಗಿನ ತುದಿ ಕೊಯ್ದು ರಕ್ತ ಬಂತು. ಉರಿ ಬಂತು, ವಾಸನೆ ಬರಲಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಮೀನಿನ ರಸ. ಅಲ್ಲಿ ಉಪ್ಪಿನ ಬದಲು ಕೊಳೆಸಿದ ಮೀನಿನ ರಸ ಹಾಕುತ್ತಾರೆ. ಲೆಕ್ ದೊಡ್ಡ ಜಾಡಿಯೊಂದರ ಮುಚ್ಚಳ ತೆಗೆದದ್ದೇ ಬಿಳಿಯರೂ ಟೀಚರುಗಳೂ ಮೂಗು ಮುಚ್ಚಿಕೊಂಡು ದೂರ ಓಡಿದರು. ಒಬ್ಬರಿಗೆ ವಾಕರಿಕೆಯೇ ಬಂತು. ನಾನು ಜಾಡಿಯ ಮೇಲೆ ಬಗ್ಗಿ ನಿಂತೇ ಇದ್ದೆ, ಯಾಕೆ ಓಡಿದರೆಂದು ತಿಳಿಯದೆ. ಲೆಕ್ ನನ್ನ ಬೆನ್ನು ತಟ್ಟಿ, ಈ ಹೆಂಗಸು ಗಟ್ಟಿ ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ರೋಹಿಣಿ ಮಾತ್ರ ಹೊಡೆಯಲಿಲ್ಲ. ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡೇ ನನ್ನನ್ನು ನೋಡುತ್ತಿದ್ದಳು.

“ಅತ್ತಿಗೆ, ನಿಮಗೆ ಏನೂ ಆಗ್ತಾ ಇಲ್ವಾ?”

“ಏನಾಗ್ಬೇಕು? ಹಂದಿ ಬೇಯಿಸೋಳಿಗೆ ಮೀನೇನು ಮಹಾ” ಎಂದೆ.

ಮಸಾಲೆ ಕುಟ್ಟಿದೆವು. ಒರಳಿನ ಕೆಲಸದಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ. ತೆಂಗಿನ ಹಾಲು ಕುದಿಯಿತು, ಕೋಳಿ ಬೆಂದಿತು. ಲೆಕ್ ಒಂದೊಂದು ಒಲೆಯ ಹತ್ತಿರ ಬಂದು “ಚಿಮ್! ಚಿಮ್!” ಎನ್ನುವಳು. ರುಚಿ ನೋಡು ಎಂದು. ಅಲ್ಲಿಯವರ ಅಡುಗೆಯೆಲ್ಲ ಅದರಲ್ಲೇ ಇದೆ. ಇಳಿಸುವ ಮೊದಲು ಚಮಚದಲ್ಲಿ ತೆಗೆದು ನೋಡಬೇಕು, ಉಪ್ಪು ಸಾಲದಿದ್ದರೆ ಮೀನಿನ ರಸ, ಹುಳಿಗೆ ನಿಂಬೆ, ಸಿಹಿಗೆ ಬೆಲ್ಲ, ಮತ್ತೆ ನೋಡಬೇಕು. ಐದು ಸಲವಾದರೂ ನೋಡಬೇಕಂತೆ. ನನ್ನ ಒಲೆಗೆ ಬಂದಳು. “ಚಿಮ್.” ನಾನು ತಲೆಯಾಡಿಸಿದೆ. ಮತ್ತೆ ಹೇಳಿದಳು. ನಾನು ಕೈ ಹಿಂದೆ ಕಟ್ಟಿಕೊಂಡೆ. ರೋಹಿಣಿ ಬಂದು, ನಮ್ಮ ಮನೆಯಲ್ಲಿ ಸಾರು ಮಾಡುವವರು ಬಡಿಸುವ ಮುಂಚೆ ನಾಲಿಗೆಗೆ ಇಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಲೆಕ್ ಕಣ್ಣರಳಿಸಿ, ಹಾಗಾದರೆ ಉಪ್ಪು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ನಾನು ಬೆರಳಿನಿಂದ ಮೂಗು ತೋರಿಸಿದೆ.

“ಹೇಳು ಹಾಗಾದರೆ,” ಎಂದು ಲೆಕ್ ಬಾಣಲೆ ತೋರಿಸಿದಳು. “ಉಪ್ಪಿದೆಯಾ?”

ಬಗ್ಗಿದೆ. ಹಬೆ ಮುಖಕ್ಕೆ ಬಡಿಯಿತು. ಬಿಸಿ, ಒದ್ದೆ, ಅಷ್ಟೇ. ಬಾಣಲೆಗೆ ನನ್ನ ಕಣ್ಣೀರು ಬೀಳತೊಡಗಿತು. ಲೆಕ್ ನನ್ನ ಬಲಗೈ ಹಿಡಿದು ಬಿಡಿಸಿ, ಅಂಗೈಗೆ ಎರಡು ಹನಿ ಸಾರು ಬಿಟ್ಟು, ಆ ಕೈಯನ್ನು ನನ್ನ ಬಾಯಿಗೇ ಒತ್ತಿದಳು.

ಸಪ್ಪೆ! ಉಪ್ಪಿಲ್ಲ ಎಂದು ನನಗೆ ಗೊತ್ತಾಯಿತು. ಒಂದು ಚಮಚ ಮೀನಿನ ರಸ ಹಾಕಿ ನೋಡಿದೆ. ಉಪ್ಪು ಬಂತು. ನಿಂಬೆ ಹಿಂಡಿದೆ, ಹುಳಿ ಬಂತು, ಹಲ್ಲು ಚುಳ್ಳೆನ್ನುವಷ್ಟು. ಘಮ ಸತ್ತಿತ್ತು, ನಾಲಿಗೆ ಬದುಕಿತ್ತು. ಎರಡು ತಿಂಗಳಿಂದ ತಟ್ಟೆಯ ಮುಂದೆ ಮಣ್ಣು ತಿನ್ನುವಂತೆ ತಿಂದು ಏಳುತ್ತಿದ್ದವಳಿಗೆ ಇಷ್ಟು ಗಮನಿಸುವ ತಾಳ್ಮೆಯೇ ಇರಲಿಲ್ಲ. ಬೆಲ್ಲ ಹಾಕಿ ಮತ್ತೆ ನೋಡಿದೆ, ಮತ್ತೆ ನೋಡಿದೆ. ಲೆಕ್ ಚಮಚ ಹಾಕಿ ತೆಗೆದು ಬಾಯಿಗಿಟ್ಟು ಎರಡೂ ಹೆಬ್ಬೆರಳು ಎತ್ತಿದಳು. ಸರಿಯಾಗಿದೆ!

ಒಂದೇ ಒಂದು ಗಳಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆ ನೆಲ ಕುಸಿಯಿತು. ನನಗೆ ಉಳಿದಿರುವುದು ನಾಲಿಗೆಯೊಂದೇ, ಆ ನಾಲಿಗೆಯನ್ನೇ ಬಡಿಸುವ ದಿನ ಸಾರಿಗೆ ಮುಟ್ಟಿಸುವಂತಿಲ್ಲ. ಅಲ್ಲೇ ನೆಲಕ್ಕೆ ಕೂತು ಎದೆ ಬಡಿದುಕೊಂಡು ಗೋಳಾಡಿದೆ. ನಾಚಿಕೆ ಮಾನ ಒಂದೂ ಇರಲಿಲ್ಲ. ಒಬ್ಬ ಬಿಳಿಯ ಹುಡುಗಿ ಖಾರ ನೆತ್ತಿಗೇರಿತೆಂದು ತಿಳಿದು ಅನ್ನದ ಬಟ್ಟಲು ತಂದು ಬಾಯಿಗೆ ಹಿಡಿದಳು. ಅವಳ ಪುಣ್ಯಕ್ಕೆ ನಗುವೂ ಬಂತು, ಅಳುವೂ ಬಂತು.

ವಾಪಸು ಬರುವ ವ್ಯಾನಿನಲ್ಲಿ ರೋಹಿಣಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, “ಅಮ್ಮನಿಗೆ ಹೇಳಿಬಿಡಿ ಅತ್ತಿಗೆ. ಈ ಸಲ ಸಾರು ಬೇರೆ ಯಾರಾದ್ರೂ ಮಾಡ್ಲಿ. ಅಣ್ಣ ಏನೂ ಅಂದ್ಕೊಳ್ಳಲ್ಲ” ಎಂದಳು.

“ಯಾರ್ ಮಾಡ್ತಾರೆ? ನೀನ್ ಮಾಡ್ತೀಯಾ?” ಎಂದು ಸಿಡಿದೆ. “ನಿಮ್ಮಣ್ಣ ಕೊನೇ ದಿನ ನನ್ನ ಕೈಯ ರೊಟ್ಟಿ ತಿಂದು ಹೋದೋರು. ಸಾಯಂಕಾಲಕ್ಕೆ ಹಂದಿ ಸಾರು ಮಾಡು ಅಂದಿದ್ರು. ಮಾಂಸ ಕೊಚ್ಚಿ ಉಪ್ಪು ಹಚ್ಚಿಟ್ಟಿದ್ದೆ ಕಣೇ, ಹೆಣ ಬಂತು. ಆ ಸಾರು ಇನ್ನೂ ನನ್ನ ಮೇಲೆ ಬಾಕಿ ಇದೆ. ಅದನ್ನ ಬೇರೆಯೋರ ಕೈಲಿ ಮಾಡಿಸ್ಲಾ?”

ಅವಳು ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಟ್ಟಳು.

ಊರಿಗೆ ಬಂದಾಗ ಮಳೆ ಸಣ್ಣಗಾಗಿತ್ತು. ತೀರ್ಥಕ್ಕೆ ಹೋಗುವ ಜನ, ಬಸ್ಸು, ಜೀಪು. ನನಗೆ ಜಾತ್ರೆಯೂ ಬೇಡ, ತೀರ್ಥವೂ ಬೇಡ. ತಲಕಾವೇರಿಗೆ ಹೋಗಿ ಕಾವೇರಿ ಹುಟ್ಟುವ ಕುಂಡಿಕೆಯ ಮುಂದೆ ನಿಂತು ಒಂದೇ ಕೇಳಿಕೊಂಡೆ: ಒಂದು ದಿನಕ್ಕೆ ಕೊಡು ತಾಯಿ, ಆಮೇಲೆ ಬೇಕಾದರೆ ವಾಪಸು ತಗೋ. ಮನೆಯಲ್ಲಿ ಉಪ್ಪನ್ನು ಹಿಡಿಯಲ್ಲಿ, ಚಿಪ್ಪಿನಲ್ಲಿ, ಚಮಚದಲ್ಲಿ ಅಳೆದು ಅಳೆದು ಅಭ್ಯಾಸ ಮಾಡಿದೆ. ಒಂದು ದಿನ ಸರಿ, ಮೂರು ದಿನ ತಪ್ಪು. ಅತ್ತೆ ಏನೂ ಅನ್ನದೆ ಮಜ್ಜಿಗೆ ಸುರಿದುಕೊಂಡು ಉಂಡು ಏಳುವರು. ಹಿಂದೆ ಆಗಿದ್ದರೆ ಬಯ್ಯುತ್ತಿದ್ದರು. ಬಯ್ಯದೆ ಇದ್ದದ್ದು ಇನ್ನೂ ಕೊಂದಿತು.

ಬಡಿಸುವ ದಿನ ಬಂತು. ಮೈದುನ ದಿನೇಶ ಬೆಳಿಗ್ಗೆಯೇ ಮಾಂಸ ತಂದ. ರೋಹಿಣಿ ರೊಟ್ಟಿ, ಪಾಯಸದ ಕಡೆ ನೋಡಿಕೊಂಡಳು. ಸಾರಿಗೆ ನಾನೊಬ್ಬಳೇ, ಅದು ಪದ್ಧತಿ. ಹನ್ನೆರಡು ಎಲೆಗೆ ಆಗುವಷ್ಟು, ಮನೆ ಮಂದಿಗೆಲ್ಲ ಆಗುವಷ್ಟು ದೊಡ್ಡ ಪಾತ್ರೆ. ಬೆಳಿಗ್ಗೆಯೇ ಮಾಂಸಕ್ಕೆ ಉಪ್ಪು ಅರಿಸಿನ ಹಚ್ಚಿದ್ದೆ. ಕುದಿ ಬಂದಾಗ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಗುಮಾನಿ ಶುರುವಾಯಿತು. ಹಾಕಿದ್ದೆ ಅನ್ನಿಸುತ್ತದೆ, ಇಲ್ಲ ಅದು ನಿನ್ನೆಯದು ಅನ್ನಿಸುತ್ತದೆ. ಬಗ್ಗಿ ಬಗ್ಗಿ ಹಬೆ ಎಳೆದುಕೊಂಡೆ. ಮೂಗಿದ್ದರೆ ಒಂದು ಉಸಿರಿನ ಕೆಲಸ. ಇರಲಿ ಎಂದು ಇನ್ನೊಂದು ಹಿಡಿ ಹಾಕಿದೆ.

ಈ ಪಾತ್ರೆಯದ್ದು ಏನಾಗಿದೆಯೋ ದೇವರಿಗೇ ಗೊತ್ತು. ನೆಕ್ಕಿ ನೋಡಿದರೆ ಹಿರಿಯರಿಗೆಲ್ಲ ಎಂಜಲು, ನೋಡದೆ ಇದನ್ನು ಗಂಡನ ಎಲೆಗೆ ಹೇಗೆ ಹಾಕಲಿ? ಆಗ ನಾನು ಮಾಡಿದ್ದನ್ನು ಇಲ್ಲಿಯವರೆಗೆ ರೋಹಿಣಿಗೂ ಹೇಳಿಲ್ಲ. ಹಸಿ ಮಾಂಸದಲ್ಲಿ ಒಂದು ಹಿಡಿ ಉಳಿದಿತ್ತು. ಅದನ್ನು ಚಿಕ್ಕ ಪಾತ್ರೆಯಲ್ಲಿ ಹಾಕಿ, ಹಿಂದಿನ ಸೌದೆ ಕೊಟ್ಟಿಗೆಯ ಒಲೆಯಲ್ಲಿ ಬೇರೆಯಾಗಿ ಬೇಯಲು ಇಟ್ಟೆ. ಬೆಂದ ಮೇಲೆ ಬಾಗಿಲ ಕಡೆ ಬೆನ್ನು ಹಾಕಿ ಕೂತು ಅಂಗೈಗೆ ಎರಡು ಹನಿ ಬಿಟ್ಟುಕೊಂಡೆ. ಇಪ್ಪತ್ತನಾಲ್ಕು ವರ್ಷ ಈ ಮನೆಯಲ್ಲಿ ಮಾಡದ ಕೆಲಸ. ಹಿರಿಯರೆಲ್ಲ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ನೆಕ್ಕಿದೆ. ಉಪ್ಪು ಕಡಿಮೆ. ಹಾಕಿ ಮತ್ತೆ ನೆಕ್ಕಿದೆ. ಖಾರ ನೋಡಿದೆ, ಕಾಚಂಪುಳಿ ಬಿಟ್ಟು ಹುಳಿ ನೋಡಿದೆ. ಐದು ಸಲ ನೋಡಿದೆ. ಹನ್ನೊಂದು ಎಲೆಗೆ ದೊಡ್ಡ ಪಾತ್ರೆಯದ್ದು, ಬಾಗಿಲ ಹತ್ತಿರದ ಹನ್ನೆರಡನೆಯ ಎಲೆಗೆ, ಗಂಡನದಕ್ಕೆ, ಈ ಎಂಜಲು ಸಾರು. ನಾನೇ ಕೈಯಾರೆ ಬಡಿಸಿದೆ.

ಬಾಗಿಲು ಎಳೆದರು. ಎಲ್ಲರೂ ಹೊರಗೆ ನಿಂತೆವು. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ಬೇರೆಯವರು ಎದ್ದುಹೋದರೆ ಹೋಗಲಿ, ನೀವು ಮಾತ್ರ ಏಳಬೇಡಿ. ಉಂಡು ಹೋಗಿ. ಬೇರೆ ಏನೂ ನನ್ನ ಕೈಲಿ ಆಗಲಿಲ್ಲ.

ಬಾಗಿಲು ತೆರೆಯಿತು. ದಿನೇಶ ಮೊದಲ ಎಲೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿದವನು ಹಾಗೇ ನಿಂತ. ಉಗುಳುವಂತಿಲ್ಲ, ಅದು ಹಿರಿಯರ ಎಲೆ. ಕಷ್ಟಪಟ್ಟು ನುಂಗಿ, “ಅತ್ತಿಗೆ… ಉಪ್ಪು” ಎಂದ. ಇನ್ನೊಬ್ಬರು ತಿಂದರು, ಮುಖ ಕಿವುಚಿದರು. ಎಲ್ಲರೂ ನನ್ನನ್ನೇ ನೋಡಿದರು. ದೊಡ್ಡತ್ತೆ ಜೋರಾಗಿಯೇ ಹೇಳಿದರು: “ಅವ್ಳ ಕೈಲಿ ಬೊತ್ತುಂತ ನಾ ಹೇಳಿತ್ಲೆನಾ?”

ಅತ್ತೆ ಒಂದೊಂದೇ ಎಲೆಯ ಹತ್ತಿರ ಬಗ್ಗಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತ ಬಂದರು. ಮೊದಲನೆಯದು, ಎರಡನೆಯದು, ಐದನೆಯದು. ಎಲ್ಲ ಅದೇ ಕಥೆ. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಕೊನೆಯ ಎಲೆಗೆ ಬಂದರು. ಮಗನ ಎಲೆ. ಬೆರಳು ಅದ್ದಿದರು, ಬಾಯಿಗಿಟ್ಟರು. ನಿಂತರು. ಒಂದು ತುಂಡು ತೆಗೆದು ಅಗಿದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಅವರು ಕಲಿಸಿದ ಕೈ ಇದು. ಅವರಿಗೆ ತಿಳಿಯದ್ದು ಏನಿದೆ? ಹನ್ನೊಂದು ಎಲೆ ವಿಷದಂತಾಗಿ ಒಂದೇ ಎಲೆ ಹದವಾಗಿದ್ದರೆ ಸೊಸೆ ಏನು ಮಾಡಿದ್ದಾಳೆ ಎಂದು ಅವರಿಗೆ ತಿಳಿದುಹೋಯಿತು. ಸತ್ತ ಮಗನಿಗೆ ಎಂಜಲು ಬಡಿಸಿದಳು ಎಂದು ಈಗ ಎಲ್ಲರ ಮುಂದೆ ಹೇಳುತ್ತಾರೆ, ನನ್ನ ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ.

“ಉಪ್ಪು ನಾ ಹಾಕಿದ್ದ್,” ಎಂದರು ಅತ್ತೆ. “ಅವ್ಳು ಹಾಕಿದ್ ನಂಗೆ ಗೊತ್ತಿತ್ಲೆ. ವಯಸ್ಸಾತಲ್ಲ. ನೀವೆಲ್ಲ ಹೊರಗೆ ಹೋಗಿ, ರೊಟ್ಟಿ ಪಾಯಸ ತಿನ್ನಿ.”

ಅವರ ಮಾತಿಗೆ ಎದುರು ಮಾತಾಡುವವರು ಆ ಮನೆಯಲ್ಲಿಲ್ಲ. ದೊಡ್ಡತ್ತೆ ಗೊಣಗುತ್ತ ಹೋದರು. ದಿನೇಶ ಹೋದ. ಎಲ್ಲರೂ ಹೋದರು. ಅತ್ತೆ ಸೆರಗು ಸರಿಮಾಡಿಕೊಂಡು ಮಗನ ಎಲೆಯ ಮುಂದೆ ನೆಲಕ್ಕೆ ಕೂತು, ಅವಸರವಿಲ್ಲದೆ ಉಣ್ಣತೊಡಗಿದರು. ಕಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಲ್ಲುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅರ್ಧ ಉಂಡು, ಎಲೆಯನ್ನು ನನ್ನ ಕಡೆಗೆ ತಳ್ಳಿದರು. ನಾನು ಅವರ ಎದುರು ಕುಸಿದು ಕೂತೆ. ಮೂಗು ಹೋದದ್ದು, ಡಾಕ್ಟರು ಹೇಳಿದ್ದು, ಎಲ್ಲ ಹೇಳಲು ಬಾಯಿ ತೆರೆದೆ. ಅವರು ಎಂಜಲು ಕೈಯನ್ನು ಎತ್ತಿ ನನ್ನನ್ನು ಸುಮ್ಮನಾಗಿಸಿದರು.

“ಅವಂಗೆ ಹುಳಿ ಇನ್ನೊಂಚೂರು ಬೇಕಿತ್ತ್,” ಎಂದರು. “ಬರೊ ವರ್ಷ ನಾಲಿಗೆಗೆ ಇಟ್ಟ್ ನೋಡಿ ಹಾಕ್. ಎಲ್ಲ ಎಲೆಗೂ.”